ಹಿಮಬಂಡಿಯ ಕಥೆಗಳಲ್ಲಿ ಹಣದ ಮಾತು

ಸಾಹಸಕಥೆಗಳನ್ನು ಬರೆಯುವವರಲ್ಲಿ ಒಂದು ಹಳೆಯ ರೂಢಿಯುಂಟು. ನಾಯಕನು ಮನೆಯಿಂದ ಹೊರಡುವ ಮೊದಲೇ ಖರ್ಚಿನ ಮಾತನ್ನು ಎರಡು ವಾಕ್ಯಗಳಲ್ಲಿ ತೀರಿಸಿಬಿಡುತ್ತಾರೆ. ಸಿರಿವಂತನಾದ ದೂರದ ಬಂಧುವೊಬ್ಬ ತೀರಿಕೊಳ್ಳುತ್ತಾನೆ. ಇಲ್ಲವೆ ಹಳೆಯ ಪೆಟ್ಟಿಗೆಯಲ್ಲಿ ನಿಧಿಯ ನಕ್ಷೆ ಸಿಕ್ಕುತ್ತದೆ. ಇಲ್ಲವೆ ಉದಾರಿಯಾದ ಪ್ರಭುವೊಬ್ಬ ಹಡಗನ್ನು ಒದಗಿಸುತ್ತಾನೆ. ಆಮೇಲೆ ಬಿರುಗಾಳಿ, ಕಾಡುಮೃಗ, ಹಸಿವು ಎಲ್ಲವೂ ಬರುತ್ತವೆ. ದುಡ್ಡಿನ ಪ್ರಸ್ತಾಪ ಮಾತ್ರ ಮತ್ತೆ ಬಾರದು. ವಾಚಕರೂ ಇದನ್ನು ಒಪ್ಪಿಕೊಂಡು ಬಂದಿದ್ದಾರೆ. ಹಣದ ಲೆಕ್ಕವು ಸಾಹಿತ್ಯಕ್ಕೆ ಹೊರಗಿನದು, ಅದು ಶಾನುಭೋಗರ ಕಡತಕ್ಕೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ.

ಈ ಭಾವನೆಯನ್ನು ಒರೆಗೆ ಹಚ್ಚಲು ನಾವು ಇಲ್ಲಿ ಒಂದು ಜಾತಿಯ ಕಥೆಗಳನ್ನು ಎತ್ತಿಕೊಳ್ಳುತ್ತೇವೆ. ಉತ್ತರ ಅಮೆರಿಕದ ಹಿಮದ ಸೀಮೆಗಳಲ್ಲಿ ಚಕ್ರವಿಲ್ಲದ ಒಂದು ಬಂಡಿಯುಂಟು. ಅದಕ್ಕೆ ಸ್ಲೆಡ್ ಎಂದು ಹೆಸರು. ಅದನ್ನು ನಾಯಿಗಳ ಹಿಂಡು ಎಳೆಯುತ್ತದೆ. ಒಂದು ಕಾಲದಲ್ಲಿ ಟಪ್ಪಾಲು, ಚಿನ್ನ, ಔಷಧಿ, ದಿನಸಿ ಎಲ್ಲವೂ ಈ ಬಂಡಿಯ ಮೇಲೆಯೇ ಸಾಗುತ್ತಿದ್ದುವು. ಈಗ ಅದು ಹೆಚ್ಚಾಗಿ ಪಂದ್ಯದ ವಸ್ತು. ಈ ಬಂಡಿಯನ್ನು ನಡೆಸಬೇಕೆಂಬ ಹಂಬಲ ಹೊತ್ತ, ಕೈಯಲ್ಲಿ ಕಾಸಿಲ್ಲದ ಮನುಷ್ಯರನ್ನು ಕುರಿತು ಇಂಗ್ಲಿಷಿನಲ್ಲಿ ಕೆಲವು ಒಳ್ಳೆಯ ಪುಸ್ತಕಗಳಿವೆ. ಶಾಲೆಯ ಮಕ್ಕಳು ಓದಬಹುದಾದವೂ ಅವುಗಳಲ್ಲಿ ಇವೆ. ಇವುಗಳ ಬೆಲೆಯನ್ನು ಕಟ್ಟುವಾಗ ನಾವು ಹಿಡಿದಿರುವ ಅಳತೆಗೋಲು ಒಂದೇ: ನಾಯಿಯ ಊಟಕ್ಕೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಗ್ರಂಥಕರ್ತನು ಕೊನೆಯ ಪುಟದವರೆಗೆ ಜೀವಂತವಾಗಿ ಇಟ್ಟುಕೊಂಡಿದ್ದಾನೆಯೆ, ಅಥವಾ ನಡುದಾರಿಯಲ್ಲಿ ಕೈಬಿಟ್ಟಿದ್ದಾನೆಯೆ?

ಇದು ವಿಚಿತ್ರವಾದ ಅಳತೆಗೋಲೆಂದು ಕೆಲವರಿಗೆ ತೋರಬಹುದು. ಆದರೆ ವಸ್ತುವೇ ಇದನ್ನು ಕೇಳುತ್ತದೆ. ಕುದುರೆಯನ್ನು ಹುಲ್ಲುಗಾವಲಿಗೆ ಬಿಡಬಹುದು. ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಇಡಬಹುದು. ಹಿಮದಲ್ಲಿ ನಾಯಿಗೆ ಮೇವು ಹುಟ್ಟುವುದಿಲ್ಲ. ಅಲಾಸ್ಕದ ಹೆಸರಾಂತ ಇಡಿಟರಾಡ್ ಪಂದ್ಯವನ್ನೇ ನೋಡೋಣ. ಆಂಕರೇಜ್ ಕಡೆಯಿಂದ ನೋಮ್ ಎಂಬ ಕಡಲತೀರದ ಊರಿನವರೆಗೆ ಸುಮಾರು ಸಾವಿರ ಮೈಲಿಗಳ ದಾರಿ. ಒಬ್ಬನ ಹಿಂಡಿನಲ್ಲಿ ಇರಬಹುದಾದ ನಾಯಿಗಳ ಮಿತಿ ಕಾಲಕಾಲಕ್ಕೆ ೧೪, ೧೬ ಎಂದು ಬದಲಾಗಿದೆ. ಓಡುವ ದಿನಗಳಲ್ಲಿ ಒಂದೊಂದು ನಾಯಿಗೆ ದಿನಕ್ಕೆ ಸುಮಾರು ೧೦,೦೦೦ ಕ್ಯಾಲೊರಿಯಷ್ಟು ಆಹಾರ ಬೇಕು. ಮೈಮುರಿದು ದುಡಿಯುವ ಮನುಷ್ಯನು ಉಣ್ಣುವುದಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ಪ್ರತಿ ನಾಯಿಯ ನಾಲ್ಕು ಕಾಲಿಗೂ ಬಟ್ಟೆಯ ಚೀಲದಂತಹ ಪಾದರಕ್ಷೆ ಕಟ್ಟಬೇಕು, ಹರಿದಂತೆಲ್ಲ ಬದಲಿಸಬೇಕು. ಒಂದು ಪಂದ್ಯ ಮುಗಿಯುವುದರೊಳಗೆ ಸಾವಿರಕ್ಕೂ ಮಿಕ್ಕು ಬೇಕಾಗುತ್ತವೆ. ಪ್ರವೇಶಶುಲ್ಕವೇ ಈಚಿನ ವರ್ಷಗಳಲ್ಲಿ ೪,೦೦೦ ಡಾಲರು. ಮುಂಚೂಣಿಯ ಇಪ್ಪತ್ತು ಮಂದಿಯ ಹಿಂದೆ ಗುರಿ ಮುಟ್ಟಿದವನಿಗೆ ಬಹುಕಾಲ ದೊರೆಯುತ್ತಿದ್ದ ಹಣ ೧,೦೪೯ ಡಾಲರು. ಅಲಾಸ್ಕ ೪೯ನೆಯ ರಾಜ್ಯವಾದುದರಿಂದ ಸಾವಿರ ಮೈಲಿಗೆ ನಲವತ್ತೊಂಬತ್ತನ್ನು ಗೌರವಾರ್ಥವಾಗಿ ಕೂಡಿಸಿದ ಸಂಖ್ಯೆ ಅದು. ಗೌರವವೇನೋ ದೊಡ್ಡದೇ, ಆದರೆ ಅದರಿಂದ ಪ್ರವೇಶಶುಲ್ಕದ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ಹಿಂದಕ್ಕೆ ಬರುತ್ತದೆ. ಮೇಲಾಗಿ ಪಂದ್ಯವಿರುವುದು ಮಾರ್ಚಿಯ ಹತ್ತು ಹದಿನೈದು ದಿನ. ನಾಯಿಗೆ ಹಸಿವಿರುವುದು ವರ್ಷದ ೩೬೫ ದಿನ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನಮ್ಮವರ ಬಾಯಲ್ಲಿ ಹುಟ್ಟಿದ್ದರೂ ಅಲ್ಲಿಗೂ ಹೊಂದುತ್ತದೆ.

ಈ ಪಂದ್ಯದ ಜನ್ಮವೃತ್ತಾಂತವೂ ಹಣದ ಪರದಾಟವೇ ಆಗಿದೆ. ಊರೂರಿಗೆ ಹಿಮದ ಮೋಟಾರುಗಳು ಬಂದು ನಾಯಿಗಳು ಮಾಯವಾಗುತ್ತಿದ್ದುದನ್ನು ಕಂಡು ಮರುಗಿದ ಜೋ ರೆಡಿಂಗ್‌ಟನ್ ಎಂಬಾತನು ೧೯೬೭ರಲ್ಲಿ ಒಂದು ಸಣ್ಣ ಓಟವನ್ನು ಏರ್ಪಡಿಸಲು ಮುಂದಾದನು. ಬಹುಮಾನ ೨೫,೦೦೦ ಡಾಲರು ಎಂದು ಸಾರಿದ್ದಾಯಿತು, ಕೈಯಲ್ಲಿ ಹಣವಿರಲಿಲ್ಲ. ಆತನೂ ಆತನ ಪತ್ನಿಯೂ ತಮ್ಮ ಒಂದು ಎಕರೆ ನೆಲವನ್ನು ದಾನ ಮಾಡಿದರು. ಅದನ್ನು ಚದರಡಿಯ ಲೆಕ್ಕದಲ್ಲಿ ತುಂಡುತುಂಡಾಗಿ ಮಾರಿ ನಿಧಿ ಕೂಡಿಸಲಾಯಿತು. ಎರಡು ವರ್ಷ ಕಳೆದು ೧೯೬೯ರಲ್ಲಿ ಬಹುಮಾನ ೧,೦೦೦ ಡಾಲರಿಗೆ ಇಳಿದಾಗ ಓಡಲು ಬಂದವರು ಕೆಲವರೇ. ೧೯೭೩ರಲ್ಲಿ ನೋಮ್‌ವರೆಗಿನ ದೊಡ್ಡ ಪಂದ್ಯ ಆರಂಭವಾದಾಗ ಮೊದಲ ಬಹುಮಾನ ೧೨,೦೦೦ ಡಾಲರು. ಹೊರಟ ಬಂಡಿಗಳು ೩೪. ಐವತ್ತು ವರ್ಷಗಳ ಅನಂತರ, ೨೦೨೩ರಲ್ಲಿ, ಹೊರಟವು ೩೩. ಆವರೆಗಿನ ಪಂದ್ಯಗಳಲ್ಲೆಲ್ಲ ಇದೇ ಅತಿ ಕಡಮೆ. ಆಹಾರದ ಬೆಲೆ, ಸಾಗಣೆಯ ವೆಚ್ಚ ಏರಿದುದನ್ನು ಇದಕ್ಕೆ ಒಂದು ಕಾರಣವಾಗಿ ಹೇಳಲಾಯಿತು. ಇಂತಹ ವಸ್ತುವನ್ನು ಕುರಿತು ಬರೆಯುವವನು ಹಣದ ಮಾತನ್ನು ಬಿಟ್ಟನೆಂದರೆ ಕಥೆಯ ಅರ್ಧವನ್ನೇ ಬಿಟ್ಟಂತೆ.

ಹಿಂದಿನವರಲ್ಲಿ ಇದನ್ನು ಬಲ್ಲವನು ಜಾಕ್ ಲಂಡನ್. ಆತನ 'ದಿ ಕಾಲ್ ಆಫ್ ದಿ ವೈಲ್ಡ್' (೧೯೦೩) ಪಂದ್ಯದ ಕಥೆಯಲ್ಲ, ಚಿನ್ನದ ಬೇಟೆಯ ಕಾಲದ ಕಥೆ. ಅದನ್ನು ಕಾಡಿನ ಕರೆ, ಆದಿಮ ಪ್ರಕೃತಿ ಎಂದೆಲ್ಲ ವ್ಯಾಖ್ಯಾನ ಮಾಡುವ ಪದ್ಧತಿಯಿದೆ. ಆ ವ್ಯಾಖ್ಯಾನಗಳಿಗೆ ನಮ್ಮ ತಕರಾರಿಲ್ಲ. ಆದರೆ ಬಕ್ ಎಂಬ ಆ ನಾಯಿ ಉತ್ತರಕ್ಕೆ ಹೋದದ್ದು ಯಾವ ಕರೆಗೂ ಓಗೊಟ್ಟಲ್ಲ. ತೋಟದ ಆಳೊಬ್ಬನಿಗೆ ಜೂಜಿನ ಚಟವಿದ್ದು ಸಂಬಳ ಸಂಸಾರಕ್ಕೆ ಸಾಲದೆ ಹೋದುದರಿಂದ. ಆತ ಅದನ್ನು ಕದ್ದು ಮಾರಿದ. ಮುಂದೆ ಸರಕಾರದ ಟಪ್ಪಾಲಿನವರು ೩೦೦ ಡಾಲರಿಗೆ ಕೊಂಡರು. ಇಡೀ ಪುಸ್ತಕದ ಬೆನ್ನಿಗೆ ಹೀಗೆ ಬೆಲೆಯ ಚೀಟಿ ಅಂಟಿಕೊಂಡೇ ಇದೆ.

ಆ ಕಾದಂಬರಿಯಲ್ಲಿ ಗಣಿತದ ಉಪಾಧ್ಯಾಯರು ಮೆಚ್ಚಬೇಕಾದ ಒಂದು ಭಾಗವಿದೆ. ಹ್ಯಾಲ್, ಚಾರ್ಲ್ಸ್, ಮರ್ಸಿಡಿಸ್ ಎಂಬ ಮೂವರು ದಕ್ಷಿಣದಿಂದ ಬಂದವರು, ಹಿಮವನ್ನು ಅರಿಯದವರು. ದಣಿದ ನಾಯಿಗಳನ್ನು ಅಗ್ಗಕ್ಕೆ ಕೊಳ್ಳುತ್ತಾರೆ. ಇನ್ನಷ್ಟು ಕೊಂಡು ಒಂದೇ ಬಂಡಿಗೆ ಹದಿನಾಲ್ಕನ್ನು ಕಟ್ಟುತ್ತಾರೆ. ಹದಿನಾಲ್ಕು ನಾಯಿಗಳ ಊಟವನ್ನು ಒಂದು ಬಂಡಿ ಹೊರಲಾರದು ಎಂಬುದು ಅವರಿಗೆ ತಿಳಿಯದು. ಒಂದು ನಾಯಿಗೆ ಇಷ್ಟು, ನಾಯಿಗಳು ಇಷ್ಟು, ದಿನಗಳು ಇಷ್ಟು ಎಂದು ಸೀಸದಕಡ್ಡಿ ಹಿಡಿದು ಗುಣಿಸಿ, ಉತ್ತರ ಬಂತೆಂದು ಹೊರಟುಬಿಡುತ್ತಾರೆ. ಮೊದಮೊದಲು ಮರುಕದಿಂದ ಹೆಚ್ಚು ತಿನ್ನಿಸುತ್ತಾರೆ. ದಾರಿ ಕಾಲುಭಾಗ ಮುಗಿಯುವಾಗ ಆಹಾರ ಅರ್ಧ ಮುಗಿದಿರುತ್ತದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಹಿಮವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಸಿಗೆ ಎಷ್ಟು ಉದ್ದವೆಂಬುದು ಚಾಚುವ ಮೊದಲು ತಿಳಿಯದೆ ಇರುವ ಸಂದರ್ಭಗಳೂ ಇವೆ ಎಂಬುದನ್ನು ಲಂಡನ್ ಈ ಭಾಗದಲ್ಲಿ ಕಟುವಾಗಿ ಕಾಣಿಸಿದ್ದಾನೆ.

ಆದರೆ ಅದೇ ಲಂಡನ್ ಮುಂದಿನ ಅಧ್ಯಾಯದಲ್ಲಿ ತಾನೇ ಹಾಕಿದ ಲೆಕ್ಕದ ಮೇಲೆ ಬಟ್ಟೆ ಎಳೆಯುತ್ತಾನೆ. ಬಕ್‌ನ ಹೊಸ ಯಜಮಾನ ಥಾರ್ನ್‌ಟನ್ ಹೆಂಡದಂಗಡಿಯಲ್ಲಿ ಪಣ ಕಟ್ಟುತ್ತಾನೆ: ನಾಯಿ ಒಂಟಿಯಾಗಿ ಸಾವಿರ ಪೌಂಡಿನ ಬಂಡಿಯನ್ನು ನೂರು ಗಜ ಎಳೆಯಬೇಕು. ಪಣದ ಸಾವಿರ ಡಾಲರು ಸಾಲ. ಮೂವರು ಗೆಳೆಯರು ಜೇಬು ಕೊಡವಿದರೆ ಇರುವುದು ೨೦೦. ನಾಯಿ ಎಳೆಯುತ್ತದೆ. ಐದು ನಿಮಿಷದಲ್ಲಿ ೧,೬೦೦ ಡಾಲರು ಕೈಗೆ ಬಂದು ಸಾಲ ತೀರಿ, ಗೆಳೆಯರು ಕನಸಿನ ಗಣಿಯನ್ನು ಹುಡುಕಿ ಪೂರ್ವಕ್ಕೆ ಹೊರಡುತ್ತಾರೆ. ಓದುವಾಗ ರೋಮಾಂಚವಾಗುವುದು ನಿಜ. ಆದರೆ ಹ್ಯಾಲ್‌ನ ಗುಣಾಕಾರವನ್ನು ಅಷ್ಟು ನಿಷ್ಠುರವಾಗಿ ತಿದ್ದಿದ ಲೇಖಕ ಥಾರ್ನ್‌ಟನ್ನನ ಜೂಜಿಗೆ ಏಕೆ ಪೂರ್ಣಾಂಕ ಕೊಟ್ಟ? ಪ್ರೀತಿಯಿದ್ದರೆ ಸಾಕು, ಹಣ ತಾನಾಗಿ ಬರುತ್ತದೆ ಎಂಬ ಮಾತು ಇಲ್ಲಿ ನುಸುಳಿದೆ. ಲಂಡನ್ನನ ಸ್ವಂತ ಅನುಭವ ಹಾಗಿರಲಿಲ್ಲ. ಈ ಕಾದಂಬರಿಗೆ ಪತ್ರಿಕೆಯಿಂದ ೭೫೦ ಡಾಲರು, ಪ್ರಕಾಶಕರಿಂದ ೨,೦೦೦ ಡಾಲರು ಪಡೆದು ಆತ ಪುಸ್ತಕದ ಹಕ್ಕನ್ನು ಒಟ್ಟಾಗಿ ಮಾರಿಬಿಟ್ಟಿದ್ದನು. ಲಕ್ಷಾಂತರ ಪ್ರತಿಗಳು ಅನಂತರ ಮಾರಾಟವಾದವು.

ಗೆದ್ದರೆ ಸಾಲ ತೀರುತ್ತದೆ ಎಂಬ ಈ ಸೂತ್ರವನ್ನು ಪೂರ್ತಿಯಾಗಿ ಬಳಸಿ, ಕೊನೆಯಲ್ಲಿ ಅದರ ಬೆನ್ನುಮೂಳೆಯನ್ನೇ ಮುರಿದ ಪುಸ್ತಕ ಜಾನ್ ರೆನಾಲ್ಡ್ಸ್ ಗಾರ್ಡಿನರ್ ಬರೆದ 'ಸ್ಟೋನ್ ಫಾಕ್ಸ್' (೧೯೮೦). ಇದು ಮಕ್ಕಳಿಗಾಗಿ ಬರೆದ ಕಿರುಗ್ರಂಥ. ಒಂದು ಸಂಜೆಗೆ ಓದಿ ಮುಗಿಸಬಹುದು. ಗ್ರಂಥಕರ್ತನು ವೃತ್ತಿಯಿಂದ ಎಂಜಿನಿಯರು. ಐಡಹೋ ಪ್ರಾಂತದ ಒಂದು ಕಾಫಿ ಅಂಗಡಿಯಲ್ಲಿ ಕಿವಿಗೆ ಬಿದ್ದ ಐತಿಹ್ಯವನ್ನು ಬೆಳೆಸಿ ಬರೆದನಂತೆ. ಎಂಜಿನಿಯರನ ಗುಣ ಕಥನದಲ್ಲಿ ಕಾಣುತ್ತದೆ. ಒಂದು ಅಂಕಿಯೂ ವ್ಯರ್ಥವಾಗಿ ಬಂದಿಲ್ಲ.

ವಯೋಮಿಂಗ್ ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುವ ತಾತ, ಹತ್ತು ವರ್ಷದ ಮೊಮ್ಮಗ ಲಿಟ್ಲ್ ವಿಲ್ಲಿ, ಸರ್ಚ್‌ಲೈಟ್ ಎಂಬ ನಾಯಿ. ತಾತ ಒಂದು ದಿನ ಹಾಸಿಗೆ ಹಿಡಿಯುತ್ತಾನೆ. ಮೈಯಲ್ಲಿ ರೋಗವಿಲ್ಲ, ಬದುಕುವ ಇಚ್ಛೆಯೇ ಬತ್ತಿದೆ. ಮಾತು ನಿಂತು, ಅಂಗೈ ಮೇಲೆ ಮಾಡಿದರೆ ಹೌದು, ಕೆಳಗೆ ಮಾಡಿದರೆ ಅಲ್ಲ ಎಂಬಷ್ಟು ಸಂಜ್ಞೆ ಉಳಿದಿದೆ. ಬೆಳೆ ಅಗೆಯುವ ಕಾಲ ಬಂದಾಗ ಬಾಡಿಗೆಗೆ ಕುದುರೆ ತರಲೆಂದು ಹುಡುಗ ತಾತನ ಹಣದ ಪೆಟ್ಟಿಗೆಯನ್ನು ತೆರೆಯುತ್ತಾನೆ. ಪೆಟ್ಟಿಗೆ ಬರಿದು. ಆಗ ನಾಯಿಯೇ ನೇಗಿಲಿಗೆ ಹೆಗಲು ಕೊಡುತ್ತದೆ. ಆಲೂಗಡ್ಡೆಯ ಬೆಳೆಯನ್ನು ಬಲ್ಲ ನಮ್ಮ ನೀಲಗಿರಿಯ ವಾಚಕರಿಗೆ ಈ ಭಾಗದ ದುಡಿಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳೆ ಕೈಗೆ ಬಂತು, ತಾತ ಏಳಲಿಲ್ಲ. ರೋಗದ ಮೂಲ ಬೇರೆಯಿತ್ತು. ಹತ್ತು ವರ್ಷದಿಂದ ಕಂದಾಯ ಕಟ್ಟಿರಲಿಲ್ಲ. ಬಾಕಿ ೫೦೦ ಡಾಲರು. ತಪ್ಪಿದರೆ ಹೊಲ ಸರಕಾರದ ವಶ.

ಊರಿನ ವೈದ್ಯೆ, ಬ್ಯಾಂಕಿನ ಅಧಿಕಾರಿ, ಎಲ್ಲರೂ ಹೊಲವನ್ನು ಮಾರಿಬಿಡು ಎನ್ನುತ್ತಾರೆ. ಅವರನ್ನು ಖಳರನ್ನಾಗಿ ಚಿತ್ರಿಸದೆ ಇರುವುದು ಗಾರ್ಡಿನರನ ಹಿರಿಮೆ. ಅವರ ಸಲಹೆ ವ್ಯವಹಾರದ ದೃಷ್ಟಿಯಿಂದ ಸರಿಯಾದದ್ದೇ. ಅಷ್ಟರಲ್ಲಿ ಪಟ್ಟಣದಲ್ಲಿ ಹಿಮಬಂಡಿಯ ಪಂದ್ಯ ಬರುತ್ತದೆ. ದೂರ ಹತ್ತು ಮೈಲಿ, ಬಹುಮಾನ ೫೦೦ ಡಾಲರು, ಪ್ರವೇಶಶುಲ್ಕ ೫೦. ಈ ಐವತ್ತನ್ನು ಹುಡುಗ ತಾನು ಮುಂದೆ ಕಾಲೇಜಿಗೆ ಹೋಗಲೆಂದು ಬ್ಯಾಂಕಿನಲ್ಲಿ ಕೂಡಿಟ್ಟ ಹಣದಿಂದ ತೆಗೆಯುತ್ತಾನೆ.

ಪಾಠಶಾಲೆಯಲ್ಲಿ ಈ ಪುಸ್ತಕವನ್ನು ಓದಿಸುವ ಉಪಾಧ್ಯಾಯ ಮಿತ್ರರು ಈ ಸ್ಥಳದಲ್ಲಿ ಸ್ವಲ್ಪ ನಿಲ್ಲಬೇಕೆಂದು ನಮ್ಮ ಪ್ರಾರ್ಥನೆ. ಮಕ್ಕಳು ಓಟದ ಕಡೆಗೆ ಧಾವಿಸುತ್ತಾರೆ; ಅದು ಸಹಜ. ಆದರೆ ಇಲ್ಲಿ ಒಬ್ಬ ಹುಡುಗ ತನ್ನ ವಿದ್ಯೆಯನ್ನು ಪಣವಾಗಿ ಒಡ್ಡಿದ್ದಾನೆ. ಬಡವನ ಮನೆಯಲ್ಲಿ ಕನಸಿಗೆ ಹಣ ಬರುವುದು ಇನ್ನೊಂದು ಕನಸಿನ ಗಂಟಿನಿಂದಲೇ. ಈ ಸತ್ಯವನ್ನು ಗಾರ್ಡಿನರ್ ಒಂದು ಉಪದೇಶದ ಮಾತನ್ನೂ ಆಡದೆ, ಬ್ಯಾಂಕಿನ ಕಟ್ಟೆಯ ಮುಂದೆ ನಡೆಯುವ ಒಂದು ಸಣ್ಣ ಸಂಭಾಷಣೆಯಲ್ಲಿ ಇಟ್ಟಿದ್ದಾನೆ. ಇಂತಹ ಸಂಯಮ ದೊಡ್ಡವರಿಗಾಗಿ ಬರೆದ ಎಷ್ಟೋ ಕಾದಂಬರಿಗಳಲ್ಲಿ ನಮಗೆ ದೊರೆತಿಲ್ಲ.

ಎದುರಾಳಿ ಸ್ಟೋನ್ ಫಾಕ್ಸ್ ಶೋಷೋನಿ ಜನಾಂಗದವನು, ಎಂದೂ ಸೋಲದವನು, ಐದು ಬಿಳಿಯ ಸಾಮೊಯೆಡ್ ನಾಯಿಗಳ ಒಡೆಯ. ಬಿಳಿಯರೊಡನೆ ಮಾತೇ ಆಡುವುದಿಲ್ಲ. ತನ್ನ ಜನರನ್ನು ಅವರ ನೆಲದಿಂದ ಅಟ್ಟಿದ್ದನ್ನು ಆತ ಮರೆತಿಲ್ಲ. ಗೆದ್ದ ಹಣದಿಂದ ಆ ನೆಲವನ್ನೇ ತುಂಡುತುಂಡಾಗಿ ಕೊಂಡುಕೊಳ್ಳುತ್ತಿದ್ದಾನೆ. ಅಂದರೆ ಇಬ್ಬರು ಸ್ಪರ್ಧಿಗಳ ಬೆನ್ನಿಗೂ ನೆಲದ ಲೆಕ್ಕವೇ ಇದೆ. ಒಬ್ಬನಿಗೆ ಒಂದು ಹೊಲ. ಇನ್ನೊಬ್ಬನಿಗೆ ಒಂದು ಜನಾಂಗದ ಸೀಮೆ. ಕಥೆಯ ನಿಜವಾದ ಬಿಗಿ ಇರುವುದು ಇಲ್ಲಿ. ಯಾರು ಗೆದ್ದರೂ ನ್ಯಾಯವೇ, ಯಾರು ಸೋತರೂ ಅನ್ಯಾಯವೇ.

ಓಟದ ಕೊನೆಯನ್ನು ಬಲ್ಲವರು ಬಲ್ಲರು. ಗೆಲುವಿನ ಗೆರೆ ಕಣ್ಣಿಗೆ ಕಾಣುವಾಗ ಸರ್ಚ್‌ಲೈಟಿನ ಎದೆಯೊಡೆಯುತ್ತದೆ. ಸ್ಟೋನ್ ಫಾಕ್ಸ್ ತನ್ನ ಬಂಡಿಯನ್ನು ನಿಲ್ಲಿಸಿ ಇಳಿಯುತ್ತಾನೆ. ಹಿಮದ ಮೇಲೆ ಪಾದರಕ್ಷೆಯ ಹಿಮ್ಮಡಿಯಿಂದ ಗೆರೆ ಎಳೆದು, ಕೋವಿ ಹಿಡಿದು ಹಿಂದೆ ಬಂದವರನ್ನೆಲ್ಲ ತಡೆಯುತ್ತಾನೆ. ಹುಡುಗ ಸತ್ತ ನಾಯಿಯನ್ನು ಎತ್ತಿಕೊಂಡು ಗುರಿ ದಾಟುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯಿತು. ಕಂದಾಯ ಕಟ್ಟಿದ ದೃಶ್ಯವಿಲ್ಲ. ತಾತ ಎದ್ದು ಅಪ್ಪಿಕೊಂಡ ದೃಶ್ಯವಿಲ್ಲ. ೫೦೦ ಡಾಲರಿನ ಬಾಕಿಯನ್ನು ತೀರಿಸಿದವಳು ಆ ನಾಯಿ. ಲಂಡನ್ನನ ಬಕ್ ದುಡಿದುಕೊಟ್ಟು ಬದುಕಿತು. ಗಾರ್ಡಿನರನ ಸರ್ಚ್‌ಲೈಟ್ ದುಡಿದುಕೊಟ್ಟು ಸತ್ತಿತು. ಎರಡನೆಯದರಲ್ಲಿ ಹೆಚ್ಚಿನ ಪ್ರಾಮಾಣಿಕತೆಯಿದೆ ಎಂದೇ ನಮ್ಮ ಅಭಿಪ್ರಾಯ. ಇಂತಹ ಪಂದ್ಯಗಳಲ್ಲಿ ನಾಯಿಗಳು ಸಾಯುವುದನ್ನು ಕುರಿತು ಅಮೆರಿಕದಲ್ಲಿ ಬಹುಕಾಲದಿಂದ ಆಕ್ಷೇಪಣೆ ನಡೆದಿದೆ. ಗಾರ್ಡಿನರ್ ಆ ಚರ್ಚೆಗೆ ಇಳಿಯದಿದ್ದರೂ ಬೆಲೆ ತೆತ್ತವರು ಯಾರೆಂಬುದನ್ನು ಮುಚ್ಚಿಡಲಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಲೇಬೇಕು. ಅಂದಿನ ಸಂಜೆ ಸ್ಟೋನ್ ಫಾಕ್ಸನ ಖಾತೆಯಲ್ಲಿ ಏನು ಉಳಿಯಿತು? ಆತನಿಗೂ ಪ್ರವೇಶಶುಲ್ಕವಿತ್ತು, ಐದು ನಾಯಿಗಳ ಊಟವಿತ್ತು, ಕೊಳ್ಳಬೇಕಾಗಿದ್ದ ನೆಲವಿತ್ತು. ಒಂದು ಹೊಲವನ್ನು ಉಳಿಸಲು ಒಂದು ಜನಾಂಗದ ಹಣ ಹೋಯಿತು. ಅದೂ, ಆ ನೆಲದಿಂದ ಅವರನ್ನು ಅಟ್ಟಿದವರ ಕುಲದ ಹುಡುಗನಿಗಾಗಿ. ಇದನ್ನು ತ್ಯಾಗವೆಂದು ಗ್ರಂಥಕರ್ತನು ತೋರಿಸುತ್ತಾನೆ, ಲೆಕ್ಕವೆಂದು ತೋರಿಸುವುದಿಲ್ಲ. ಪೆಟ್ಟಿಗೆ ಬರಿದಾದುದನ್ನು ಹುಡುಗನ ಮನೆಯಲ್ಲಿ ತೆರೆದು ತೋರಿಸಿದ ಕೈ, ಶೋಷೋನಿಯ ಮನೆಯ ಬಾಗಿಲವರೆಗೆ ಹೋಗಲಿಲ್ಲ. ಉದಾರಿಯಾದ ಮೌನಿ ಎಂಬ ಹಳೆಯ ಪಾತ್ರವಾಗಿ ಆತ ನಿಂತುಬಿಟ್ಟಿದ್ದಾನೆ. ಪುಸ್ತಕಕ್ಕೆ ಆತನ ಹೆಸರನ್ನಿಟ್ಟು, ಆತನ ಬಾಕಿಯನ್ನು ಮಾತ್ರ ಬರೆಯದೆ ಬಿಟ್ಟದ್ದು ಈ ಕೃತಿಯ ನಿಜವಾದ ಲೋಪ.

ಇನ್ನು ಗ್ಯಾರಿ ಪಾಲ್ಸನ್. ಈತನದು ಕಲ್ಪಿತ ಕಥೆಯಲ್ಲ. ತಾನೇ ಬಂಡಿ ನಡೆಸಿದವನು. 'ವುಡ್‌ಸಾಂಗ್' (೧೯೯೦) ಎಂಬುದು ಎಳೆಯರಿಗೆ, 'ವಿಂಟರ್‌ಡಾನ್ಸ್' (೧೯೯೪) ಎಂಬುದು ಬೆಳೆದವರಿಗೆ ಬರೆದ ಆತ್ಮಕಥನಗಳು. ಈತನ ಕಾದಂಬರಿಯೊಂದರ ಮೇಲೆ ಮಾನನಷ್ಟದ ದಾವೆ ನಡೆಯಿತು; ಗೆದ್ದನಾದರೂ ಕೈ ಬರಿದಾಯಿತು. ಮಿನಸೋಟದ ಕಾಡಿನಲ್ಲಿ ಸಂಸಾರದೊಡನೆ ಇದ್ದುಕೊಂಡು ಬಲೆ ಒಡ್ಡಿ ಪ್ರಾಣಿಗಳನ್ನು ಹಿಡಿದು ಜೀವನ ಮಾಡಿದನು. ಬಲೆಗಳಿರುವ ದಾರಿ ಉದ್ದ. ಕಾಲ್ನಡಿಗೆಯಲ್ಲಿ ಸುತ್ತುವುದು ಕಷ್ಟ. ಪರಿಚಯದವರೊಬ್ಬರು ನಾಲ್ಕು ನಾಯಿಗಳನ್ನೂ ಒಂದು ಮುರುಕು ಬಂಡಿಯನ್ನೂ ಕೊಟ್ಟರು. ಅಂದರೆ ನಾಯಿಗಳು ಆತನ ಮನೆಗೆ ಬಂದದ್ದು ಸಂಪಾದನೆಯ ಸಾಧನವಾಗಿ. ಆದರೆ ನಾಯಿಗಳ ಜೊತೆ ಓಡುತ್ತ ಓಡುತ್ತ ಪ್ರಾಣಿಗಳನ್ನು ಕೊಲ್ಲುವುದು ಆತನಿಗೆ ಸಾಧ್ಯವಾಗದೆ ಹೋಯಿತು. ಬಲೆಯ ಕಸುಬನ್ನು ಬಿಟ್ಟನು. ಸಂಪಾದನೆಗೆಂದು ಬಂದವರೇ ಸಂಪಾದನೆಯನ್ನು ನುಂಗಿದರು. ಉಳಿದದ್ದು ಹಸಿದ ನಾಯಿಗಳು ಮತ್ತು ಇಡಿಟರಾಡಿನ ಹುಚ್ಚು. ಈ ತಿರುವನ್ನು ಯಾವ ಕಾದಂಬರಿಕಾರನಾದರೂ ಕಲ್ಪಿಸಿದ್ದರೆ ನಾವು ನಂಬುತ್ತಿರಲಿಲ್ಲ.

'ವಿಂಟರ್‌ಡಾನ್ಸ್'ನ ಸಾರವಿರುವುದು ಪಂದ್ಯದ ಪುಟಗಳಲ್ಲಿ ಎನ್ನುವುದಕ್ಕಿಂತ ಅಭ್ಯಾಸದ ಪುಟಗಳಲ್ಲಿ ಎನ್ನಬೇಕು. ಹಿಮ ಬೀಳದ ತಿಂಗಳುಗಳಲ್ಲಿ ನಾಯಿಗಳನ್ನು ಓಡಿಸಲು ಚಕ್ರದ ಗಾಡಿ ಬೇಕು, ಅದಕ್ಕೆ ಹಣವಿಲ್ಲ. ಬೈಸಿಕಲ್ಲಿಗೆ ಕಟ್ಟುತ್ತಾನೆ, ಬೈಸಿಕಲ್ಲು ನುಚ್ಚುನೂರಾಗುತ್ತದೆ, ಸವಾರನೂ ಹೆಚ್ಚು ಕಡಮೆ ಹಾಗೆಯೇ. ಹಳೆಯ ಮೋಟಾರಿನ ಅಸ್ಥಿಪಂಜರಕ್ಕೆ ಕಟ್ಟುತ್ತಾನೆ. ದುರ್ಗಂಧ ಕಾರುವ ಸ್ಕಂಕ್ ಎಂಬ ಪ್ರಾಣಿಯ ಎರಚಾಟಕ್ಕೆ ಮತ್ತೆ ಮತ್ತೆ ಸಿಕ್ಕಿ, ಕೊನೆಗೆ ನಾಯಿಗಳ ಗೂಡಿನಲ್ಲಿಯೇ ಮಲಗುತ್ತಾನೆ. ಕೆನಡದಿಂದ ಕೊಂಡು ತಂದ ಡೆವಿಲ್ ಎಂಬ ನಾಯಿ ಅನ್ನ ಹಾಕುವ ಕೈಯನ್ನೇ ಕಚ್ಚುತ್ತದೆ. ಓದಿ ನಾವು ಗಟ್ಟಿಯಾಗಿ ನಕ್ಕಿದ್ದೇವೆ. ಬಡತನವನ್ನು ಕುರಿತು ನಗುವ ಹಕ್ಕು ಅದನ್ನು ಉಂಡವನಿಗಿದೆ. ಪಾಲ್ಸನ್ ಅದನ್ನು ಹದವರಿತು ಬಳಸಿದ್ದಾನೆ. ಕರುಣೆಯನ್ನು ಬೇಡುವ ಒಂದು ವಾಕ್ಯವೂ ಇಲ್ಲ.

'ವುಡ್‌ಸಾಂಗ್'ನಲ್ಲಿ ಒಂದು ಪ್ರಸಂಗವುಂಟು. ನಿದ್ದೆಯಿಲ್ಲದೆ ದಿನಗಟ್ಟಲೆ ಓಡುವವನಿಗೆ ಭ್ರಾಂತಿ ಹುಟ್ಟುವುದು ಈ ಪಂದ್ಯದಲ್ಲಿ ಸಾಮಾನ್ಯ. ಒಬ್ಬರಿಗೆ ಊರು ಕಾಣಬಹುದು, ಒಬ್ಬರಿಗೆ ಬೆಂಕಿ. ಪಾಲ್ಸನ್ನನಿಗೆ ಕಾಣುವುದೇನು? ಕನ್ನಡಕ ಧರಿಸಿದ, ಉದ್ದ ಕೋಟಿನ ಒಬ್ಬ ಗೃಹಸ್ಥ ಬಂಡಿಯ ಮೇಲೆ ಬಂದು ಕುಳಿತು, ಸರಕಾರದ ವಿದ್ಯಾಭ್ಯಾಸದ ಅನುದಾನಗಳ ವಿಷಯವಾಗಿ ಬಿಡದೆ ಭಾಷಣ ಮಾಡುತ್ತಾನೆ! ಸುತ್ತ ಸಾವಿರ ಮೈಲಿ ಹಿಮ. ಆದರೂ ಅನುದಾನದ ಮಾತು ತಪ್ಪಲಿಲ್ಲ. ಅನುದಾನದ ಅರ್ಜಿಗಳನ್ನು ಬರೆದು ಬಲ್ಲ ಉಪಾಧ್ಯಾಯ ಮಿತ್ರರು ಈ ಭೂತವನ್ನು ಗುರುತಿಸದೆ ಇರಲಾರರು.

೧೯೮೩ರಲ್ಲಿ ಪಾಲ್ಸನ್ ಮೊದಲ ಬಾರಿ ಇಡಿಟರಾಡ್ ಓಡಿದನು. ಆಂಕರೇಜಿನಲ್ಲಿ ಹೊರಟೊಡನೆಯೇ ಮುಂದಾಳು ನಾಯಿ ದಾರಿ ತಪ್ಪಿ ಊರಿನ ಮನೆಗಳ ಅಂಗಳಗಳಲ್ಲಿ ಬಂಡಿಯನ್ನು ನುಗ್ಗಿಸಿತು. ಹಾಗೂ ಹೀಗೂ ಹದಿನೇಳು ದಿನಗಳಲ್ಲಿ ನೋಮ್ ಸೇರಿದನು. ಆ ವರ್ಷ ಗೆದ್ದವನು ಆತನಿಗಿಂತ ನಾಲ್ಕು ದಿನಕ್ಕೂ ಮುಂಚೆಯೇ ಸೇರಿಯಾಗಿತ್ತು. ಹಣ ಬರಲಿಲ್ಲ. ೧೯೮೫ರಲ್ಲಿ ಮತ್ತೆ ಓಡಿ ಅರ್ಧದಲ್ಲಿ ಬಿಡಬೇಕಾಯಿತು. ಹೃದಯದ ವ್ಯಾಧಿ ಕಾಣಿಸಿಕೊಂಡು ವೈದ್ಯರು ನಾಯಿಗಳನ್ನು ಬಿಡಿಸಿದರು. ಈ ಪುಸ್ತಕದಲ್ಲಿ ಗೆಲುವೆಂಬುದು ಸಾಲ ತೀರಿಸುವ ಯಂತ್ರವಾಗಿ ಎಲ್ಲಿಯೂ ಬಂದಿಲ್ಲ. ಖರ್ಚಾದದ್ದು ಖರ್ಚಾಯಿತು, ಆದರೂ ಓಡಿದ್ದು ಓಡಿದ್ದೇ. ಬಡ ಮಕ್ಕಳ ಕೈಗೆ ನಾವು ಕೊಡುವ ಕಥೆಗಳಲ್ಲಿ ಬಹುಪಾಲು ಬಹುಮಾನದಲ್ಲಿ ಮುಗಿಯುತ್ತವೆ: ಓಟದಲ್ಲಿ ಗೆದ್ದ, ಪರೀಕ್ಷೆಯಲ್ಲಿ ಮೊದಲಿಗನಾದ, ಮನೆಯ ಸಾಲ ಹರಿಯಿತು. ಮೊದಲಿಗನಾಗುವವನು ತರಗತಿಗೆ ಒಬ್ಬನೇ. ಮಿಕ್ಕ ನಲವತ್ತು ಮಂದಿಗೆ ಆ ಕಥೆಯಲ್ಲಿ ಸ್ಥಳವೆಲ್ಲಿ? 'ವಿಂಟರ್‌ಡಾನ್ಸ್' ಆ ನಲವತ್ತು ಮಂದಿಯ ಪುಸ್ತಕ. ಈ ಕಾರಣದಿಂದಲೇ ನಾವು ಅದನ್ನು 'ಸ್ಟೋನ್ ಫಾಕ್ಸ್'ಗಿಂತ ಒಂದು ಮೆಟ್ಟಿಲು ಮೇಲಿಡುತ್ತೇವೆ.

ಹಾಗೆಂದು ಪಾಲ್ಸನ್ನನ ಲೆಕ್ಕವನ್ನೂ ಶೋಧಿಸದೆ ಬಿಡಲಾಗದು. ೧೯೮೩ರ ಓಟಕ್ಕೆ ಹಣ ಬಂದದ್ದು ಹೇಗೆ? ಬ್ರಾಡ್‌ಬರಿ ಪ್ರೆಸ್ಸಿನ ರಿಚರ್ಡ್ ಜಾಕ್ಸನ್ ಹೊಸ ಬರಹವೇನಾದರೂ ಉಂಟೆ ಎಂದು ವಿಚಾರಿಸಿದರು. ಬರೆಯುತ್ತಿಲ್ಲ, ನಾಯಿ ಓಡಿಸುತ್ತಿದ್ದೇನೆ ಎಂದು ಈತ ಹೇ‌ಳಿದ. ಮುಂದೆ ಬರೆಯುವುದನ್ನು ಮೊದಲು ತಮಗೆ ತೋರಿಸಬೇಕೆಂಬ ಮಾತಿನ ಮೇಲೆ ಅವರು ಹಣ ಕಳುಹಿಸಿದರು. ಹೀಗೆ ಹುಟ್ಟಿದ್ದು 'ಡಾಗ್‌ಸಾಂಗ್' (೧೯೮೫) ಎಂಬ ಕಾದಂಬರಿ. ಮರುವರ್ಷ ನ್ಯೂಬರಿ ಗೌರವ ಪಡೆಯಿತು. ಇಂತಹ ವಿಚಾರಣೆ ಎಲ್ಲ ಬಡವರ ಮನೆಗೂ ಬರುವುದಿಲ್ಲ. ಹಿಂದೆ ಬರೆದು ಹೆಸರು ಮಾಡಿದ್ದವನಿಗೆ ಬಂತು. ಬಡತನದಲ್ಲಿಯೂ ಆತನ ಬಳಿ ಒಂದು ಮೂಲಧನವಿತ್ತು, ಅದು ಲೇಖನಿ. ತಮಾಷೆಯೆಂದರೆ, ಆ ಋಣ ತೀರಿಸಿದ 'ಡಾಗ್‌ಸಾಂಗ್'ನೊಳಗೆ ಹಣದ ಮಾತೇ ಇಲ್ಲ. ರಸೆಲ್ ಎಂಬ ಎಸ್ಕಿಮೋ ಹುಡುಗನಿಗೆ ಊಗ್ರುಕ್ ಎಂಬ ವೃದ್ಧನ ನಾಯಿಗಳೂ ಬಂಡಿಯೂ ಸುಮ್ಮನೆ ದೊರೆಯುತ್ತವೆ. ಸುಂದರವಾದ ಕೃತಿಯೇ, ಆದರೆ ಅನುಭವಿಯಾದ ಪಾಲ್ಸನ್ ಅಲ್ಲಿ ನಾವು ಮೊದಲು ಹೇಳಿದ ಹಳೆಯ ರೂಢಿಗೆ ಶರಣಾಗಿದ್ದಾನೆ. ಬಡತನವನ್ನು ಸ್ವಂತದ ಹೆಸರಿನಲ್ಲಿ ಬರೆಯುವಾಗ ಇದ್ದ ಧೈರ್ಯ ಕಲ್ಪನೆಯ ಹುಡುಗನ ಹೆಸರಿನಲ್ಲಿ ಬರೆಯುವಾಗ ಇರಲಿಲ್ಲವೋ ಏನೋ.

೨೦೦೨ರಲ್ಲಿ 'ವಿಂಟರ್‌ಡಾನ್ಸ್'ನಿಂದ ಸೂಚನೆ ಪಡೆದು 'ಸ್ನೋ ಡಾಗ್ಸ್' ಎಂಬ ಚಲಚ್ಚಿತ್ರ ಬಂತು. ಅದರಲ್ಲಿ ನಾಯಕನು ಮಯಾಮಿಯ ಅನುಕೂಲಸ್ಥ ದಂತವೈದ್ಯ. ನಾಯಿಗಳು ಆತನಿಗೆ ತಾಯಿಯ ಆಸ್ತಿಯಾಗಿ ಬರುತ್ತವೆ. ಮುರುಕು ಬೈಸಿಕಲ್ಲು ಹೋಯಿತು, ದುಡ್ಡಿಲ್ಲದ ಮನೆ ಹೋಯಿತು. ತೀರಿಕೊಂಡ ಸಿರಿವಂತ ಬಂಧು ಮಾತ್ರ ಮರಳಿ ಬಂದ. ಇದರ ಮೇಲೆ ಹೆಚ್ಚು ಬರೆಯುವುದು ಕಾಗದಕ್ಕೆ ದಂಡ.

ಲಿಬಿ ರಿಡಲ್ಸಳ 'ರೇಸ್ ಅಕ್ರಾಸ್ ಅಲಾಸ್ಕ'ವನ್ನು (೧೯೮೮) ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇವೆ. ೧೯೮೫ರಲ್ಲಿ ಈ ಪಂದ್ಯವನ್ನು ಗೆದ್ದ ಮೊದಲ ಸ್ತ್ರೀ ಈಕೆ. ಬಹುಮಾನ ೫೦,೦೦೦ ಡಾಲರು. ಟಿಮ್ ಜೋನ್ಸ್‌ರ ಜೊತೆಗೂಡಿ ಬರೆದ ಈ ಪುಸ್ತಕ ವಿವರಗಳಲ್ಲಿ ಸಮೃದ್ಧ, ಶೈಲಿಯಲ್ಲಿ ಸಾಧಾರಣ. ಆದರೆ ಈಕೆಯೂ ಜೋ ಗಾರ್ನಿಯೂ ಟೆಲ್ಲರ್ ಎಂಬ ಹಳ್ಳಿಯಲ್ಲಿ ಒಂದೇ ನಾಯಿಗೂಡನ್ನು ನಡೆಸಿ, ೧೯೮೪ರಲ್ಲಿ ಆತ, ೧೯೮೫ರಲ್ಲಿ ಈಕೆ, ೧೯೮೬ರಲ್ಲಿ ಮತ್ತೆ ಆತ ಎಂದು ಸರದಿಯ ಮೇಲೆ ಓಡಿದರೆಂಬುದು ಲಕ್ಷಿಸಬೇಕಾದ ಸಂಗತಿ. ಇಬ್ಬರ ಖರ್ಚಿನಲ್ಲಿ ಒಂದು ಹಿಂಡು. ಗೆದ್ದವಳ ಹೆಸರು ಇತಿಹಾಸದಲ್ಲಿ ಒಂಟಿಯಾಗಿ ನಿಂತರೂ ಆಕೆಯ ಬಂಡಿಯನ್ನು ಎಳೆದ ನಾಯಿಗಳು ಇಬ್ಬರ ಅನ್ನವನ್ನು ಉಂಡವು.

ಮಕ್ಕಳಿಗಾಗಿ ಇವುಗಳಲ್ಲಿ ಒಂದನ್ನು ಕನ್ನಡಿಸಬೇಕೆಂದರೆ 'ಸ್ಟೋನ್ ಫಾಕ್ಸ್'ನಿಂದಲೇ ಆರಂಭಿಸಬೇಕು. ಅಳತೆಯಲ್ಲಿ ಚಿಕ್ಕದು, ಮಾತು ಸರಳ, ಪ್ರೌಢಶಾಲೆಯ ಮೊದಲ ತರಗತಿಗೆ ಒಪ್ಪುತ್ತದೆ. 'ವಿಂಟರ್‌ಡಾನ್ಸ್'ನ ಅಭ್ಯಾಸದ ಭಾಗಗಳನ್ನು ಮೇಲಿನ ತರಗತಿಯವರಿಗೆ ಆಯ್ದು ಓದಿ ಹೇಳಬಹುದು. ಅನುವಾದಕರಿಗೆ ನಮ್ಮದು ಒಂದೇ ಸೂಚನೆ. ಡಾಲರನ್ನು ಇಂದಿನ ದರದಲ್ಲಿ ರೂಪಾಯಿಯಾಗಿ ಪರಿವರ್ತಿಸಲು ಹೋಗಬಾರದು. ಕಥೆಯ ಕಾಲ ಬೇರೆ, ಬೆಲೆಗಳೂ ಬೇರೆ. ಹತ್ತು ವರ್ಷದ ಕಂದಾಯ ೫೦೦, ಪಂದ್ಯದ ಶುಲ್ಕ ೫೦, ಅಂದರೆ ಒಂದು ವರ್ಷದ ಕಂದಾಯದಷ್ಟು ಹಣವನ್ನು ಹುಡುಗ ಒಂದು ಓಟಕ್ಕೆ ಒಡ್ಡಿದ್ದಾನೆ. ಈ ಪ್ರಮಾಣವೊಂದು ಕೆಡದಿದ್ದರೆ ಸಾಕು, ಉಳಿದುದನ್ನು ಹುಡುಗರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.